ಮುಚ್ಚಳ

ಗುರುವಾರ ಹತ್ತೂವರೆಗೆ ಅಕ್ಕನ ಮನೆ.
ಹಾರ್ಲಿಂಗನ್ನಿನ ಈ ಬೀದಿಯಲ್ಲಿ ಯಾರ ಕಿಟಕಿಗೂ ಪರದೆಯಿಲ್ಲ.
ಹೋಗುವವರು ಬರುವವರು ನೋಡಲಿ:
ಇದು ನಮ್ಮ ಸೋಫಾ, ಇದು ದೀಪ, ಇದು ಒರಗಿ ಕೂತ ಬೆಕ್ಕು,
ಮುಚ್ಚಿಡುವಂಥದ್ದೇನೂ ಇಲ್ಲಿ ನಡೆಯುವುದಿಲ್ಲ.
ನೋಡಲಿ ಅಂತಿಟ್ಟರೂ ನೋಡುವವರಿಲ್ಲ.
ಸೈಕಲ್ಲಿನವರು ಮುಖ ನೇರ ಇಟ್ಟು ದಾಟುತ್ತಾರೆ.
ಅದು ಮರ್ಯಾದೆ. ಯಾರೂ ಕಲಿಸಿದ್ದಲ್ಲ.

ಕಾಫಿಗೆ ಒಂದು ಬಿಸ್ಕತ್ತು. ಒಂದೇ.
ವೀಟ್ಸ್ಕೆ ಡಬ್ಬ ತೆರೆಯುತ್ತಾಳೆ, ಚಾಚುತ್ತಾಳೆ,
ತೆಗೆದುಕೊಂಡೆನೋ, ಟಪ್ಪನೆ ಮುಚ್ಚಳ.
ಅಮ್ಮನ ಕಾಲದಿಂದ ಹೀಗೇ.
ಜಿಪುಣರು ಅಂತ ಹೊರಗಿನವರು ನಗುತ್ತಾರೆ.
ನಗಲಿ, ನಮ್ಮ ಕೂಕ್ಯೆ ಎಂಬ ಮಾತನ್ನು ಎತ್ತಿಕೊಂಡು ಹೋಗಿ
ಕುಕೀ ಮಾಡಿಕೊಂಡವರು ಅವರೇ ತಾನೆ.
ಈಗದು ಕಣ್ಣು ಕಿವಿ ಮೂಡಿಸಿಕೊಂಡು
ಗಾಜಿನ ಹಲಗೆಯೊಳಗಿಂದ ವಾಪಸು ಬಂದಿದೆ,
ಒಪ್ಪಿಗೆಯೇ, ಒಪ್ಪಿಗೆಯೇ ಅಂತ,
ಬಾಗಿಲ ಸಂದಿಗೆ ಕಾಲು ಕೊಟ್ಟು.

ನಾನು ಪ್ರತಿ ಸಲ ಬೇಡ ಅನ್ನುವವಳು.
ಬೇಡದ ಗುಂಡಿಯನ್ನು ಬೂದಿ ಬಣ್ಣದಲ್ಲಿ ಅಡಗಿಸಿರುತ್ತಾರೆ,
ಕನ್ನಡಕ ಏರಿಸಿ ಹುಡುಕುತ್ತೇನೆ.
ನೂರ ನಲವತ್ತು ಜನ ಪಾಲುದಾರರಂತೆ,
ಒಬ್ಬೊಬ್ಬರಿಗೂ ಬೇಡ, ಬೇಡಪ್ಪ, ಬೇಡ.
ಅಷ್ಟರಲ್ಲಿ, ಮಳೆ ಬಂದೀತೇ ಅಂತ ನೋಡಹೊರಟ ಮಳೆ
ಬಂದು, ನಿಂತು, ಬಟ್ಟೆಯೆಲ್ಲ ನೆನೆದಿರುತ್ತದೆ.

ಅಕ್ಕ ಎಲ್ಲಕ್ಕೂ ಹೂಂ.
"ಎಂಬತ್ತನಾಲ್ಕರ ಮುದುಕಿ, ನನ್ನಲ್ಲಿ ಕದಿಯಲು ಏನಿದೆ ಬೌಕ್ಯೆ?
ಹೆಣಿಗೆಯ ಮಾದರಿ, ತೀರಿಕೊಂಡವರ ಪಟ್ಟಿ, ದ್ವೀಪದ ದೋಣಿಯ ವೇಳೆ.
ಹೂಂ ಅಂದರೆ ಅದು ಬಾಯಿ ಮುಚ್ಚುತ್ತದೆ."

ಅಪ್ಪ ಪುರಸಭೆಯ ಗುಮಾಸ್ತ. ಮುತ್ತು ಪೋಣಿಸಿದಂಥ ಅಕ್ಷರ.
ಹೆಸರು, ಹುಟ್ಟಿದ ದಿನ, ಬೀದಿ, ಕಸುಬು,
ಆಮೇಲೆ ಧರ್ಮ ಎಂಬ ಅಂಕಣ.
ಕೆಟ್ಟ ಯೋಚನೆಯಿಂದ ಬರೆದದ್ದಲ್ಲ.
ಅಂಕಣ ಇತ್ತು, ತುಂಬಿದರು.
ಒಂದು ದಿನ ಬೇರೆ ಯಾರೋ ಬಂದು ಆ ಪುಸ್ತಕ ಕೇಳಿದರು.
ಕೊಡೆ ರಿಪೇರಿಯ ಕೋಸ್ಮನ್ನರ ಮನೆ
ಬೆಳಗಾಗುವುದರೊಳಗೆ ಖಾಲಿ.
ಅಕ್ಷರ ಎಷ್ಟು ಸ್ಪಷ್ಟವಿತ್ತೆಂದರೆ
ಬಂದವರಿಗೆ ಒಂದು ಬಾಗಿಲೂ ತಪ್ಪಲಿಲ್ಲ.
ಯುದ್ಧ ಮುಗಿದ ಮೇಲೆ ಅಪ್ಪ
ಗ್ರಂಥಾಲಯದ ಕಾರ್ಡಿಗೂ ಸಹಿ ಹಾಕಲಿಲ್ಲ.
ಈ ಮಾತೆತ್ತಿದರೆ ಅಕ್ಕ,
"ಅದು ಪುಸ್ತಕ, ಇದು ಬಿಸ್ಕತ್ತು" ಅನ್ನುತ್ತಾಳೆ,
ಬೆಕ್ಕಿನ ಕಡೆ ತಿರುಗುತ್ತಾಳೆ.

ಈ ಗುರುವಾರ
ಕಾಲುಚೀಲದ ಹಿಮ್ಮಡಿ ತಿರುಗಿಸುವ ಲೆಕ್ಕ ಮರೆತಿತ್ತು.
ಅವಳು ಒಳಗೆ ಕಾಫಿ ಸೋಸುತ್ತಿದ್ದಳು.
ಅವಳ ಟ್ಯಾಬ್ಲೆಟ್ ತೊಡೆಗೆ ಹಾಕಿಕೊಂಡೆ.
ಹೆಣಿಗೆಯ ಪುಟ. ಪಕ್ಕದಲ್ಲಿ ವಿಗ್ಗು.
ಬೂದು ವಿಗ್ಗು, ಗುಂಗುರು ವಿಗ್ಗು, ಹೊಲಿಗೆ ಚುಚ್ಚದ ಹತ್ತಿ ಟೋಪಿ.
ಕೆಳಗೆ ಜಾರಿಸಿದರೆ
ಎಡಕ್ಕೆ ಮಾತ್ರ ಮೆತ್ತೆಯಿಟ್ಟ ಒಳಉಡುಪು,
ಲೇವಾರ್ಡನ್ನಿನಲ್ಲಿ ಆಸ್ಪತ್ರೆಗೆ ನಾಲ್ಕೇ ಹೆಜ್ಜೆಯ ಕೋಣೆ, ರಾತ್ರಿಗೆ ಇಷ್ಟು.
ಮಳೆಯ ಪುಟಕ್ಕೆ ಹೋದೆ. ಅಲ್ಲೂ ವಿಗ್ಗು.
ದೋಣಿಯ ವೇಳಾಪಟ್ಟಿಗೆ ಹೋದೆ,
ದೋಣಿಗಿಂತ ಮೊದಲು ವಿಗ್ಗು ಬಂತು.

ನೂರ ನಲವತ್ತು ಜನಕ್ಕೆ ಗೊತ್ತು.
ತಂಗಿಗೆ ಗೊತ್ತಿಲ್ಲ.

ಟ್ಯಾಬ್ಲೆಟ್ಟನ್ನು ಬೋರಲು ಹಾಕಿದೆ.
ಮುಖ ನೇರ ಇಟ್ಟು ಕೂತೆ, ಸೈಕಲ್ಲಿನವಳ ಹಾಗೆ.
ಅವಳು ಬಂದಳು, ಬಟ್ಟಲಿಟ್ಟಳು, ಡಬ್ಬ ಚಾಚಿದಳು.
ಒಂದು ತೆಗೆದುಕೊಂಡೆ.
ಮುಚ್ಚಳ ಇಳಿಯುವ ಮುಂಚೆ ಕೈ ಅಲ್ಲೇ ಬಿಟ್ಟೆ,
ಡಬ್ಬದ ಅಂಚಿನ ಮೇಲೆ, ಮಕ್ಕಳಂತೆ.

ಅವಳು ನನ್ನ ಕೈ ನೋಡಿದಳು. ಬೋರಲು ಬಿದ್ದದ್ದನ್ನು ನೋಡಿದಳು.
"ಯಾವತ್ತು?" ಅಂದೆ.
"ಮಂಗಳವಾರ. ಎಂಟೂ ಮುಕ್ಕಾಲಕ್ಕೆ."
"ಬಸ್ಸಿಗೋ ರೈಲಿಗೋ?"
"ರೈಲು."

ಮುಚ್ಚಳ ಅವಳ ತೊಡೆಯ ಮೇಲೆ, ಮಲಗಿಸಿದ ತಟ್ಟೆಯಂತೆ.
ಬಿಸ್ಕತ್ತು ಮೆತ್ತಗಾಗುತ್ತವೆ ಹೀಗೆ ಬಿಟ್ಟರೆ,
ಅಂತ ಇಬ್ಬರಿಗೂ ಗೊತ್ತಿತ್ತು.